ಬ್ಯಾಟಿನ ಕೆಂಪು ಕಲೆಗಳು

ಕಂಡಕ್ಟರ್ ಮರುಳಸಿದ್ದಪ್ಪ ಗುಜರಿ ಅಂಗಡಿಯಿಂದ ಹಳೇ ಕ್ರಿಕೆಟ್ ಬ್ಯಾಟೊಂದನ್ನು ತಂದು, ಹಿತ್ತಿಲ ಕಟ್ಟೆಯ ಮೇಲೆ ಮಲಗಿಸಿ, ಮರ ಉಜ್ಜುವ ಉಪ್ಪುಕಾಗದವನ್ನು ಕೈಗೆತ್ತಿಕೊಂಡ. ಕಾಗದ ಮೈಗೆ ತಾಗುವ ಮೊದಲೇ ಬ್ಯಾಟು ಗುಡುಗಿತು:

"ಎಲೈ ಉಪ್ಪುಕಾಗದವೇ, ದೂರ ನಿಲ್ಲು! ನನ್ನ ಮೈಮೇಲಿನ ಈ ಕೆಂಪು ಕಲೆಗಳು ಕೊಳೆಯಲ್ಲ. ಒಂದೊಂದೂ ಚೆಂಡು ಒತ್ತಿದ ಮುದ್ರೆ, ನನ್ನ ಪರಾಕ್ರಮದ ಬಿರುದು."

ಉಪ್ಪುಕಾಗದ ಹುಟ್ಟಾ ಒರಟು. ಮುಖ ನೋಡಿ ಮಣೆ ಹಾಕುವುದು ಅದಕ್ಕೆ ಗೊತ್ತಿಲ್ಲ. ಬ್ಯಾಟನ್ನು ಹಿಡಿಯಿಂದ ತುದಿಯವರೆಗೆ ಒಮ್ಮೆ ನೋಡಿ ಹೇಳಿತು: "ಸ್ವಾಮಿ, ತಮ್ಮ ಬಿರುದುಗಳೆಲ್ಲ ಅಂಚಿನಲ್ಲೇ ಇವೆ, ನಡುವೆ ಒಂದೂ ಇಲ್ಲ. ಅಂಚಿಗೆ ತಾಗಿದ ಚೆಂಡು ಹೋಗುವುದು ಹಿಂದೆ ನಿಂತ ಕೀಪರನ ಕೈಗೆ, ಬೌಂಡರಿಗಲ್ಲ."

ಮರುಳಸಿದ್ದಪ್ಪ ಒಂದು ಗಂಟೆ ಉಜ್ಜಿ, ಅಗಸೆ ಎಣ್ಣೆ ಸವರಿ, ಫಳಫಳ ಹೊಳೆಯುವ ಬ್ಯಾಟನ್ನು ಗೋಡೆಗೆ ಒರಗಿಸಿದ. ಸವೆದ ಉಪ್ಪುಕಾಗದವನ್ನು ಕಸದ ಬುಟ್ಟಿಗೆ ಎಸೆದ.

ಆಗತಾನೇ ಅಲ್ಲಿಗೆ ಬಂದ ಹೊಸ ಪ್ಯಾಡುಗಳೆರಡು ವಿನಯದಿಂದ ಕೇಳಿದವು: "ಹಿರಿಯರೇ, ತಾವು ಎಷ್ಟು ಸೆಂಚುರಿ ಹೊಡೆದಿದ್ದೀರಿ?"

"ಲೆಕ್ಕ ಇಟ್ಟವರಾರು, ಮಕ್ಕಳೇ! ನನ್ನ ಎದೆಯ ನಟ್ಟನಡುವೆ ಅವುಗಳ ಗುರುತೇ ತುಂಬಿತ್ತು. ಆ ಪಾಪಿ ಉಪ್ಪುಕಾಗದ ಎಲ್ಲವನ್ನೂ ಅಳಿಸಿಹಾಕಿತು. ನಂಬಿಕೆ ಇಲ್ಲದಿದ್ದರೆ ಬುಟ್ಟಿಯಲ್ಲಿ ನೋಡಿ, ನನ್ನ ಕೆಂಪು ಇನ್ನೂ ಅದರ ಮುಖಕ್ಕೆ ಮೆತ್ತಿಕೊಂಡಿದೆ."

ಪ್ಯಾಡುಗಳು ಇಣುಕಿದವು. ಉಪ್ಪುಕಾಗದದ ಮುಖ ಕೆಂಪಗೇ ಇತ್ತು. ಇದು ಅಂಚಿನ ಕೆಂಪು ಎನ್ನಲು ಅದು ಬಾಯಿ ತೆರೆಯುವಷ್ಟರಲ್ಲಿ, "ಥೂ ನಿನ್ನ ಹೊಟ್ಟೆಕಿಚ್ಚಿಗೆ!" ಎಂದು ಉಗಿದು, ಅವೆರಡೂ ಹೋಗಿ ಬ್ಯಾಟಿನ ಕಾಲಿಗೆ ಬಿದ್ದವು.