ಕಸ್ತೂರೆವ್ವನ ಸವಾಲು

ಗದಗಿನ ಹಳೇ ಟಾಕೀಸೊಂದು ಮುಚ್ಚಿತು. ಅಲ್ಲಿದ್ದ ಸಿನಿಮಾ ಪೋಸ್ಟರುಗಳನ್ನು ಹರಾಜಿಗಿಟ್ಟರು. ಟಾಕೀಸಿನ ಮುಂದೆ ಮಿರ್ಚಿ ಕರಿಯುವ ಕಸ್ತೂರೆವ್ವನಿಗೆ ಅವುಗಳಲ್ಲೊಂದು ಬೇಕೇ ಬೇಕಿತ್ತು. ಅದರಲ್ಲಿ ಕುಣಿಯುವವರ ಸಾಲಿನಲ್ಲಿ ಅವಳ ತೀರಿಹೋದ ತಾಯಿ ನಿಂತಿದ್ದಳು. ತಾಯಿಯ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ.

ಆದರೆ ಸಾಹುಕಾರ ಬಸವಂತಪ್ಪ ಮುಂದಿನ ಕುರ್ಚಿಯಲ್ಲಿ ಕೂತು ಸಾರಿಬಿಟ್ಟ: "ಯಾರರ ಎಷ್ಟರ ಕೂಗ್ರಿ, ಅದರ ಮ್ಯಾಲೆ ನಾ ಕೂಗಾಂವ. ಎಲ್ಲಾ ಪೋಸ್ಟರ್ ನನ್ನ ಮನಿಗೇ!"

ಕಸ್ತೂರೆವ್ವ ಹಿಂದೆ ಸರಿಯಲಿಲ್ಲ. ಮೊದಲ ಪೋಸ್ಟರಿಗೇ ಜೋರಾಗಿ ಕೂಗಿದಳು. ಸಾಹುಕಾರ ಏರಿಸಿದ. ಇವಳೂ ಏರಿಸಿದಳು. ಅವನು ಮತ್ತೆ ಏರಿಸಿದಾಗ ಥಟ್ಟನೆ ಸುಮ್ಮನಾದಳು. ಮುಂದಿನ ಪೋಸ್ಟರುಗಳಿಗೂ ಹೀಗೇ ಮಾಡಿದಳು. ಅವನು ಒಮ್ಮೆ ಬಿಟ್ಟುಕೊಟ್ಟಿದ್ದರೂ, ಕೂಗಿದ ರೊಕ್ಕ ತುಂಬಲು ಅವಳ ಅಂಗಡಿಯೇ ಹೋಗುತ್ತಿತ್ತು. ಪ್ರತಿ ಸಲವೂ ಸಾಹುಕಾರನೇ ಹೆಚ್ಚಿನ ರೊಕ್ಕ ತೆರುವುದನ್ನು ಕಂಡು ಜನ ನಗತೊಡಗಿದರು. ಸಾಹುಕಾರನ ಮುಖ ಕೆಂಪಾಯಿತು.

ಕೊನೆಗೆ ತಾಯಿಯ ಪೋಸ್ಟರ್ ಬಂತು. ಕಸ್ತೂರೆವ್ವ ತನ್ನ ಕೈಲಾಗುವಷ್ಟನ್ನು ಕೂಗಿದಳು.

"ನನ್ನ ಕಡೆಯಿಂದ ರೇಟ್ ಏರಸ್ತೀ ಏನ? ಈ ಸಲ ನಾ ಕೂಗಂಗಿಲ್ಲ. ನೀನ ತಗೊಂಡು ಅನುಭವಿಸು!" ಎಂದು ಸಾಹುಕಾರ ಕೈಕಟ್ಟಿ ಕೂತ.

ಹರಾಜು ಅವಳ ಹೆಸರಿಗೇ ನಿಂತಿತು. ಕಸ್ತೂರೆವ್ವ ಪೋಸ್ಟರನ್ನು ಎದೆಗವಚಿಕೊಂಡಳು.

"ಭಾಳ ಉಪಕಾರ ಆತ್ರಿ. ನಾ ಬಂದಿದ್ದ ಇದಕ್ಕ."

"ಮತ್ತ ಉಳದವಕ್ಕ ಯಾಕ ಕೂಗಿದಿ?"

"ನಿಮ್ಮ ಬಾಯಿಂದ ಒಮ್ಮೆ 'ಒಲ್ಲೆ' ಅನಿಸಬೇಕಿತ್ತಲ್ರಿ, ಸಾವ್ಕಾರ್ರ!"