ರಾಜಕುಮಾರಿಯ ಗಂಟಲಲ್ಲಿ ಕೂತವಳು

"ಕೇಳ್ರಪ್ಪೋ ಕೇಳಿ! ಬೆಳ್ಮುಗಿಲ ಪಟ್ಟಣದ ಅರಸು ಧರಣೀಕಾಂತ ಮಾಸ್ವಾಮಿಯವರ ಅಪ್ಪಣೆ! ರಾಜಕುಮಾರಿ ಇಂದುಲೇಖೆಯವರ ಗಂಟಲಲ್ಲಿ ರಕ್ಕಸಿಯೊಬ್ಬಳು ಮನೆ ಮಾಡವ್ಳೆ. ಮೂರು ಒಗಟು ಹಾಕ್ತಾಳೆ. ಮೂರನ್ನೂ ಬಿಡಿಸಿದವರಿಗೆ ಅರ್ಧ ರಾಜ್ಯ, ರಾಜಕುಮಾರಿಯ ಜೊತೆ ಮದುವೆ. ತಪ್ಪಿದವರ ಗಂಟಲಿಗೂ ಇಳೀತಾಳೆ, ಏಳನೇ ದಿನ ಪ್ರಾಣ ತೆಗೀತಾಳೆ. ಧೈರ್ಯ ಇದ್ದೋರು ಬನ್ರಪ್ಪೋ!"

ಡಂಗುರದ ಸದ್ದು ಔಷಧಶಾಲೆಯ ಹಿತ್ತಿಲಿಗೂ ಕೇಳಿಸಿತು. ಅಲ್ಲಿ ಓಬಳೇಶ ಗಾಜಿನ ತಟ್ಟೆ ತೊಳೆಯುತ್ತಿದ್ದ. ಆ ಪಟ್ಟಣದ ವೈದ್ಯರು ರೋಗಿಯ ಗಂಟಲು ಒರೆಸಿದ ಹತ್ತಿಯನ್ನು ಕುರಿಯ ರಕ್ತ ಬೆರೆಸಿದ ಅಂಟಿನ ಮೇಲೆ ಸವರಿಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ಸಾಸಿವೆಗಿಂತ ಸಣ್ಣ ಹನಿಗಳು ಮೂಡಿ, ಒಂದೊಂದರ ಸುತ್ತಲೂ ತಿಳಿಯಾದ ಬಳೆ ಕಟ್ಟಿಕೊಳ್ಳುತ್ತಿತ್ತು. ವೈದ್ಯರು ಒಮ್ಮೆ ನೋಡಿ ಅತ್ತ ಸರಿಸಿಬಿಡುತ್ತಿದ್ದರು. ಓಬಳೇಶ ಮಾತ್ರ ಮೈಮರೆತು ನೋಡುತ್ತ ಕೂರುತ್ತಿದ್ದ. ಚೆನ್ನಾಗಿದ್ದ ದಿನಗಳಲ್ಲಿ ರಾಜಕುಮಾರಿಯೂ ಕಿಟಕಿಗೆ ಬಂದು, "ಇವತ್ತೇನು ಬೆಳೆದಿದೆ, ತೋರಿಸು" ಎನ್ನುತ್ತಿದ್ದಳು. ಆ ದನಿ ನಿಂತು ಹದಿನೈದು ದಿನವಾಗಿತ್ತು. ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಅರಮನೆಗೆ ಹೋದ. ಬೆಳ್ಳನೆಯ ಪರದೆಗಳ ನಡುವೆ ರಾಜಕುಮಾರಿ ಕಣ್ಣುಮುಚ್ಚಿ ಮಲಗಿದ್ದಳು. ತುಟಿ ಅಲುಗದೆಯೇ ಅವಳೊಳಗಿಂದ ದನಿ ಬರುತ್ತಿತ್ತು. ಒಂದೇ ದನಿಯಲ್ಲ, ಲಕ್ಷಾಂತರ ಸಣ್ಣ ದನಿಗಳು ಒಟ್ಟಾಗಿ ಗುನುಗಿದ ಹಾಗಿತ್ತು.

"ದಾರವಿಲ್ಲದ ಸರ ನಾನು, ಪೋಣಿಸಿದ ಅಕ್ಕಸಾಲಿಗನಿಲ್ಲ. ಕಡಿದರೆ ಎರಡು ಸರವಾಗ್ತೀನಿ. ನಾನ್ಯಾರು?"

ನೆರೆರಾಜ್ಯದ ರಾಜಕುಮಾರ ರಣಧವಳ ಮೀಸೆ ತಿರುವಿ, "ಇರುವೆ ಸಾಲು!" ಎಂದ. ಎಂದವನೇ ಕತ್ತು ಹಿಡಿದುಕೊಂಡು ಕುಸಿದ. ಪಾಪ, ಮೀಸೆ ಯಾವ ಕೆಲಸಕ್ಕೂ ಬರಲಿಲ್ಲ.

ಆಸ್ಥಾನದ ಶಂಖಪಾಲ ಪಂಡಿತರು ಮುಂದೆ ಬಂದರು. "ಭೂತಗಾಜಿನಲ್ಲಿ ನೋಡಿ ಬಲ್ಲೆ. ನೀನು ಕಣ್ಣಿಗೆ ಕಾಣದ ಜೀವಾಣು. ಮಣಿಯ ಹಾಗೆ ಒಂದಕ್ಕೊಂದು ಅಂಟಿಕೊಂಡು ಬೆಳೀತೀಯ."

"ಸರಿ. ಕೋಟಿ ಮಕ್ಕಳಲ್ಲಿ ನಾನೊಬ್ಬಳು ಬೇರೆ ಥರ. ವಿಷದ ಮಳೆ ಬಿದ್ದ ದಿನ ಎಲ್ಲರೂ ಸತ್ತರು, ನಾನುಳಿದೆ. ವಿಷ ಅರಗಿಸೋದನ್ನ ನನಗೆ ಕಲಿಸಿದ್ದು ಯಾರು?"

"ಇದೇನು ಮಹಾ! ವಿಷವೇ ಕಲಿಸಿತು," ಎಂದರು ಪಂಡಿತರು. ಅವರ ಮಾತು ಅಲ್ಲಿಗೇ ನಿಂತಿತು. ಇಬ್ಬರನ್ನೂ ಪಕ್ಕದ ಕೋಣೆಗೆ ಹೊತ್ತೊಯ್ದರು.

ಈಗ ಉಳಿದವನು ಓಬಳೇಶ. ಹಾಸಿಗೆಯ ಹತ್ತಿರ ಹೋಗಿ ನಿಂತ. ಮೊದಲ ಒಗಟನ್ನು ಪಂಡಿತರೇ ಬಿಡಿಸಿಟ್ಟಿದ್ದರಿಂದ ಅದನ್ನೇ ಒಪ್ಪಿಸಿ, ಎರಡನೆಯದಕ್ಕೆ ಬಂದ.

"ನೀನು ವಿಷ ಅನ್ನೋದು ನಮ್ಮ ಮದ್ದು. ಅರಗಿಸೋದನ್ನ ನಿನಗೆ ಯಾರೂ ಕಲಿಸ್ಲಿಲ್ಲ ಕಣವ್ವ. ತಟ್ಟೆ ತೊಳೆಯೋ ಮುಂಚೆ ಅದರ ಮೇಲೆ ಮಖಮಲ್ ಬಟ್ಟೆ ಒತ್ತಿ ಅಚ್ಚು ತೆಗೆಯೋ ಹುಚ್ಚು ನನಗೆ. ಒಂದು ಸಲ ಒಂದೇ ಅಚ್ಚನ್ನ ಮದ್ದು ಸವರಿದ ಮೂರು ತಟ್ಟೆಗೆ ಒತ್ತಿದೆ. ಮೂರರಲ್ಲೂ ಅದೇ ಜಾಗದಲ್ಲಿ ಅದೇ ಒಂದು ಹನಿ ಬದುಕಿತ್ತು. ಮದ್ದು ಕಲಿಸಿದ್ರೆ ಒಂದೊಂದರಲ್ಲಿ ಒಂದೊಂದು ಕಡೆ ಏಳ್ಬೇಕಿತ್ತು. ನೀನು ಮದ್ದು ಬರೋಕೆ ಮುಂಚೇನೇ ಹಾಗಿದ್ದೆ. ಅವ್ವನ ಥರಾನೇ ಮಗು ಆಗೋವಾಗ ಎಲ್ಲೋ ಒಂದು ಸಣ್ಣ ತಪ್ಪು ಬಿತ್ತು, ಅಷ್ಟೇ. ಆಮೇಲೆ ನಿನ್ನ ಬೆಳೆಸಿದ್ದು ನಾವು. ನಮ್ಮೂರಲ್ಲಿ ಜ್ವರ ಇಳಿದ ದಿನವೇ ಮಿಕ್ಕ ಮದ್ದನ್ನ ದೇವರ ಗೂಡಿಗೆ ಎತ್ತಿಡ್ತಾರೆ, ಇನ್ನೊಬ್ಬರಿಗಾಯ್ತು ಅಂತ. ಅರ್ಧ ಮದ್ದಿಗೆ ಮೆತ್ತಗಿದ್ದೋರು ಸತ್ತು ನಿನಗೆ ಜಾಗ ಬಿಟ್ಟರು."

ಒಳಗಿನ ಗುನುಗು ಒಂದು ಕ್ಷಣ ತಡವರಿಸಿತು.

"ಸರಿ. ನನ್ನನ್ನು ಕೊಲ್ಲೋಕೆ ತಂದದ್ದೇ ನನಗೀಗ ತುತ್ತು. ಅದಿಲ್ಲದಿದ್ರೆ ಉಪವಾಸ. ದಿನಕ್ಕೆ ಎಂಟು ಹೊತ್ತು ನನಗೆ ಉಣಿಸೋರು ಯಾರು?"

ಓಬಳೇಶ ತಲೆಯೆತ್ತಿದ. ಅರಸ ಹಾಸಿಗೆಯ ಪಕ್ಕದಲ್ಲೇ ನಿಂತಿದ್ದ. ಹದಿನೈದು ದಿನದಿಂದ ನಿದ್ದೆ ಕಾಣದ ಕಣ್ಣು, ಕೈಯಲ್ಲಿ ಮಗುವಿಗೆ ಮದ್ದು ಕುಡಿಸುವ ಬೆಳ್ಳಿಯ ಒಳಲೆ. ಉತ್ತರ ಗೊತ್ತಿತ್ತು. ಹೇಳಿದರೆ ಅರಸ ಉಳಿಸುವುದಿಲ್ಲ, ಹೇಳದಿದ್ದರೆ ರಕ್ಕಸಿ ಉಳಿಸುವುದಿಲ್ಲ. ಇಂದುಲೇಖೆಯ ಬಾಡಿದ ಮುಖ ನೋಡಿದ. ಅರಸನ ಕಡೆ ತಿರುಗಿ ಕೈಮುಗಿದ.

"ಬುದ್ಧೀ, ಕ್ಷಮಿಸ್ಬೇಕು. ಅವಳಿಗೆ ಉಣಿಸ್ತಿರೋರು ತಾವೇ. ತಾವು ಕುಡಿಸೋ ಮದ್ದಿನ ಒಂದು ಹನಿಯನ್ನ ವೈದ್ಯರು ರಾಜಕುಮಾರಿಯವರ ಗಂಟಲು ಒರೆಸಿದ ಹತ್ತಿ ಸವರಿದ್ದ ತಟ್ಟೇಲಿ ಇಟ್ಟಿದ್ರು. ಆ ಹನಿಯ ಸುತ್ತ ಮಾತ್ರ ಹುಲುಸಾಗಿ ಬೆಳೆದಿತ್ತು, ದೂರದಲ್ಲಿ ಒಂದೂ ಇರ್ಲಿಲ್ಲ."

"ಏನಂದೆ?" ಅರಸನ ಬಲಗೈ ಕತ್ತಿಯ ಹಿಡಿಗೆ ಹೋಯಿತು. "ನನ್ನ ಮಗಳನ್ನು ನಾನೇ ಕೊಲ್ತಿದೀನಾ?"

ಆಗ ಹಾಸಿಗೆಯಿಂದ ರಾಜಕುಮಾರಿಯದೇ ಇನಿದನಿ ಕೇಳಿತು. "ಅಪ್ಪಾಜಿ, ಹೊತ್ತಾಯಿತು. ಮದ್ದು ಕೊಡಿ."

ಅರಸನ ಎದೆ ಕರಗಿತು. ಒಳಲೆ ಅವಳ ತುಟಿಯ ತನಕ ಹೋಯಿತು, ಅಲ್ಲೇ ನಿಂತಿತು. ತೊಟ್ಟಿಲಿನಿಂದ ಇವತ್ತಿನವರೆಗೆ ಇಂದುಲೇಖೆ ಮದ್ದನ್ನು ಒಂದು ಸಲವಾದರೂ ತಾನಾಗಿ ಕೇಳಿದವಳಲ್ಲ. ಮಂಚದ ಸುತ್ತ ಓಡಾಡಿಸಿ, ಮೂಗು ಹಿಡಿದು ಕುಡಿಸಬೇಕಿತ್ತು. ಅದು ಅಪ್ಪನಿಗಲ್ಲದೆ ಇನ್ಯಾರಿಗೆ ಗೊತ್ತು?

"ನೀನು ನನ್ನ ಮಗಳಲ್ಲ," ಎಂದ ಅರಸ ಒಳಲೆಯನ್ನು ನೆಲಕ್ಕೆ ಬಗ್ಗಿಸಿಬಿಟ್ಟ. ಒಳಗಿನ ಲಕ್ಷ ದನಿಗಳೂ ಒಟ್ಟಿಗೆ ಚೀರಿದವು.

ಮೂರು ದಿನ ತುತ್ತಿಲ್ಲದೆ ರಕ್ಕಸಿ ಸೊರಗಿದಳು. ನಾಲ್ಕನೆಯ ದಿನ ವೈದ್ಯರು ಬೇರೆಯೇ ಬಗೆಯ ಮದ್ದು ತಂದರು. ಅದನ್ನು ಜ್ವರ ಇಳಿದ ಮೇಲೂ ಬಿಡದೆ, ಹತ್ತು ದಿನ, ಕೊನೆಯ ಹನಿಯವರೆಗೂ ಕುಡಿಸಿದರು. ಪಕ್ಕದ ಕೋಣೆಯ ಇಬ್ಬರೂ ಅದೇ ಮದ್ದಿನಿಂದ ಬದುಕಿಕೊಂಡರು.

ಮದ್ದು ಮುಗಿದ ಮರುದಿನ ರಾಜಕುಮಾರಿ ಕಣ್ಣು ಬಿಟ್ಟಾಗ ಅರಸ ಅವಳ ಕಾಲ ಬಳಿ ಕೂತು ಬಿಕ್ಕುತ್ತಿದ್ದ. "ನನ್ನ ಕೈಯಾರೆ, ಮಗಳೇ, ನನ್ನ ಕೈಯಾರೆ..."

"ಅಳಬೇಡಿ ಅಪ್ಪಾಜಿ," ಎಂದಳು ಅವಳು. ದನಿ ಒಡೆದಿತ್ತು, ಆದರೆ ಅವಳದೇ ಆಗಿತ್ತು. "ನೀವು ಕೊಟ್ಟಿದ್ದು ನನಗೆ. ಕದ್ದು ತಿಂದಿದ್ದು ಅವಳು."

ಅರಸ ಕಣ್ಣೊರೆಸಿಕೊಂಡು ಓಬಳೇಶನನ್ನು ಕರೆಸಿ ಅರ್ಧ ರಾಜ್ಯ ಬರೆದುಕೊಟ್ಟ. ಮದುವೆಯ ಮಾತು ಬಂದಾಗ ಓಬಳೇಶ, "ಅದನ್ನ ಅವರನ್ನೇ ಕೇಳಿ ಬುದ್ಧಿ," ಎಂದು ತಲೆ ತಗ್ಗಿಸಿದ. ಇಂದುಲೇಖೆ ನಕ್ಕಳು. ಮುಂದಿನ ಸುಗ್ಗಿಗೆ ಪಟ್ಟಣದ ಜನರೆಲ್ಲ ಅವರ ಮದುವೆಯ ಊಟ ಉಂಡರು, ಊರೆಲ್ಲ ತಣ್ಣಗಿತ್ತು.