ಏನೂ ಆಗಂಗಿಲ್ಲ, ಬತ್ತಾಸು

ಹೊಳೆದಂಡೆಯ ಆ ಮಠದಲ್ಲಿ ಎಲ್ಲರ ತಲೆಯೂ ಬೋಳು. ಕೂದಲಿದ್ದದ್ದು ಒಬ್ಬರಿಗೇ, ಅದೂ ಮೈತುಂಬ. ಅದು ಬತ್ತಾಸು ಎಂಬ ಪುಟ್ಟ ಬಿಳಿ ನಾಯಿ.

ಊರು ಬಿಟ್ಟು ಹೊರಟಿದ್ದ ಭಕ್ತರೊಬ್ಬರು ಅದನ್ನು ಮಠಕ್ಕೆ ಒಪ್ಪಿಸಿ ಹೋಗಿದ್ದರು. ಅಕ್ಕಿ ಬೇಳೆ ಒಪ್ಪಿಸುವಂತೆ ಒಪ್ಪಿಸಿದರು, ಹಿಂತಿರುಗಿ ನೋಡಲಿಲ್ಲ. ನೋಡಿಕೊಳ್ಳುವ ಕೆಲಸ ಶಿಷ್ಯ ಮುರಿಗೆಪ್ಪನ ಪಾಲಿಗೆ ಬಂತು.

ಮುರಿಗೆಪ್ಪ ಅದನ್ನು ಹಚ್ಚಿಕೊಂಡ. ಅದೂ ಅವನನ್ನು ಹಚ್ಚಿಕೊಂಡಿತು. ಆದರೆ ಕೂದಲು ಬೆಳೆಯಿತು, ಗಂಟುಗಟ್ಟಿತು, ಕಣ್ಣು ಮುಚ್ಚಿತು. ನಾಯಿ ತಪಸ್ಸಿಗೆ ಕೂತಿದೆ ಎಂದು ಭಕ್ತರು ನಗುತ್ತಿದ್ದರು. ಗಂಟಿನ ಕೆಳಗೆ ಚರ್ಮ ಕೆಂಪಾಗಿ ಹುಣ್ಣಾಗುತ್ತಿದ್ದುದನ್ನು ಕಂಡವನು ಮುರಿಗೆಪ್ಪ.

ಪೇಟೆಯಲ್ಲಿ ದಾನಮ್ಮ ಎಂಬವಳ ಅಂಗಡಿ ಇತ್ತು. ನಾಯಿಗಳಿಗೆ ಸ್ನಾನ ಮಾಡಿಸುವುದು, ಕೂದಲು ಕತ್ತರಿಸುವುದು, ಉಗುರು ತೆಗೆಯುವುದು ಅವಳ ಕೆಲಸ. ಮುರಿಗೆಪ್ಪ ಬತ್ತಾಸನ್ನು ಅಲ್ಲಿಗೆ ಹೊತ್ತೊಯ್ದ.

ಕೂದಲು ಕತ್ತರಿಸುವ ಮಷಿನ್ನು ಗುಂಯ್ ಎಂದದ್ದೇ ತಡ, ಬತ್ತಾಸು ಅವಳ ಕೈ ಕಚ್ಚಿ ಬೀದಿಗೆ ಹಾರಿತು. ಬಸ್ಸಿನ ಗಾಲಿ ಅದರ ಬಾಲಕ್ಕೆ ತಾಗಿಕೊಂಡೇ ನಿಂತಿತು. ಉಳಿದದ್ದೇ ದೊಡ್ಡದು.

“ಕಾಲು ಕಟ್ಟಿ ಮಾಡೂದು ನನ್ನ ಕೈಲೆ ಆಗೂದಿಲ್ಲ,” ಎಂದಳು ದಾನಮ್ಮ. “ಸಣ್ಣ ಜೀವ, ಎದಿ ಒಡಕೊಂಡು ಸಾಯತೈತಿ. ಗಂಟು ತಗೀದಿದ್ರ ಹುಣ್ಣು ಕೀವು ಹಿಡೀತಾವು. ನೀವ ಏನರ ದಾರಿ ನೋಡ್ರಿ ಮುರಿಗೆಪ್ಪಣ್ಣ.”

ಅಂದಿನಿಂದ ಮುರಿಗೆಪ್ಪ ಹತ್ತಿರ ಬಂದರೆ ಬತ್ತಾಸು ಮಂಚದ ಕೆಳಗೆ ಸೇರತೊಡಗಿತು. ಅವನಿಗೆ ಅಳುವೇ ಬಂತು. ಗುರುಗಳ ಬಳಿ ಹೋದ. ಅವರನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು.

ಬತ್ತಾಸು ಅವರ ಕಾಲ ಬಳಿ ರೊಟ್ಟಿ ಮೆಲ್ಲುತ್ತಿತ್ತು. ಓಡಿಬಿಟ್ಟೀತೆಂದು ಮುರಿಗೆಪ್ಪ ಬಾಗಿಲಲ್ಲೇ ನಿಂತ.

“ಅಜ್ಜಾರ, ನಾ ಅದರ ಮ್ಯಾಲೆ ಜೀವ ಇಟ್ಕೊಂಡೀನ್ರಿ. ಅದು ನನ್ನ ನೋಡಿದ್ರ ಓಡತೈತ್ರಿ.”

“ಪ್ಯಾಟಿಗೆ ಒಯ್ಯುವಾಗ ಅದಕ್ಕ ಏನಂತಿ?”

“ಧೈರ್ಯ ಹೇಳ್ತೀನ್ರಿ. ಏನೂ ಆಗಂಗಿಲ್ಲ, ಏನೂ ಆಗಂಗಿಲ್ಲ ಅಂತೀನ್ರಿ.”

ಅಜ್ಜಾರು ಬಗ್ಗಿ, ನಾಯಿಯ ಕಿವಿಯ ಬಳಿ ಸಿಟ್ಟಿನ ದನಿ ಮಾಡಿ ಗದರಿದರು.

“ಕತ್ತರಿ! ಮಷಿನ್ನು! ದಾನಮ್ಮ!”

ಬತ್ತಾಸು ಬಾಲ ಅಲ್ಲಾಡಿಸಿ ಇನ್ನೊಂದು ಚೂರು ಕೇಳಿತು.

ಅಜ್ಜಾರು ಈಗ ದನಿ ಮೆತ್ತಗೆ ಮಾಡಿದರು.

“ಏನೂ ಆಗಂಗಿಲ್ಲ, ಬತ್ತಾಸು.”

ರೊಟ್ಟಿ ಅಲ್ಲೇ ಉಳಿಯಿತು. ನಾಯಿ ಮಂಚದ ಕೆಳಗಿತ್ತು.

ಮುರಿಗೆಪ್ಪ ಬಾಗಿಲಿಂದಲೇ ಬಗ್ಗಿ ಮಂಚದ ಕೆಳಗೆ ನೋಡಿದ.

“ಸ್ನಾನ ಮಾಡಸುವಾಗ ಏನಂದಿ?” ಕೇಳಿದರು ಅಜ್ಜಾರು.

“ಏನೂ ಆಗಂಗಿಲ್ಲ ಅಂದೇರಿ.”

“ಆತೋ, ಇಲ್ಲೋ?”

“ಆತ್ರಿ. ಕಿವ್ಯಾಗ ನೀರು ಹೋತ್ರಿ.”

“ಸೂಜಿ ಹಾಕಸುವಾಗ?”

“ಅದ ಮಾತು ಅಂದೇರಿ. ಆವಾಗೂ ಆತ್ರಿ.”

“ನಿನ್ನ ಬಾಯಾಗ ಆ ಮಾತು ಬಂತಂದ್ರ ಏನೋ ಒಂದು ಆಗೇ ಆಗತೈತಿ ಅಂತ ಕಲತೈತಿ. ಶ್ಯಾಣ್ಯಾ ನಾಯಿ.”

ಮುರಿಗೆಪ್ಪನ ಮುಖ ಸಣ್ಣದಾಯಿತು. ಸುಳ್ಳಾಡುವುದಿಲ್ಲ ಎಂದು ವ್ರತ ಹಿಡಿದವನು ಅವನು. ಬಂದವರಿಗೆಲ್ಲ ಅದನ್ನು ಹೇಳಿಕೊಂಡು ತಿರುಗುವವನೂ ಅವನೇ.

“ಹಂಗಾರ ಆ ಮಾತು ಬಿಡ್ತೀನ್ರಿ. ಬ್ಯಾರೆ ಏನರ ಅಂತೀನ್ರಿ.”

“ಬಿಡಬ್ಯಾಡ. ಅಂದ ಮಾತು ಖರೆ ಮಾಡು.”

ಮರುದಿನ ಬತ್ತಾಸನ್ನು ಅಜ್ಜಾರೇ ಬುಟ್ಟಿಯಲ್ಲಿ ಕೂರಿಸಿಕೊಟ್ಟರು, ಮುರಿಗೆಪ್ಪ ಹೊತ್ತು ಹೊರಟ. “ಏನೂ ಆಗಂಗಿಲ್ಲ,” ಎಂದ. ಬುಟ್ಟಿ ನಡುಗಿತು. ದಾನಮ್ಮನ ಓಣಿಯ ತಿರುವಿನಲ್ಲಿ ಒಂದು ಕಟ್ಟೆಯ ಮೇಲೆ ಕೂತ. ಇಬ್ಬರೂ ಶೇಂಗಾ ತಿಂದರು. ಎದ್ದು ಮಠಕ್ಕೆ ಬಂದರು.

ಏನೂ ಆಗಲಿಲ್ಲ.

ಕೆಲವು ದಿನ ಹೀಗೇ ನಡೆಯಿತು. ಆಮೇಲೆ ಅಂಗಡಿಯ ಮೆಟ್ಟಿಲವರೆಗೂ ಹೋದರು.

“ಏನ್ ಕೆಲಸಿತ್ತು ಮುರಿಗೆಪ್ಪಣ್ಣ?” ಎಂದಳು ದಾನಮ್ಮ.

“ಏನೂ ಇಲ್ರಿ ಅಕ್ಕಾರ. ಏನೂ ಆಗಬಾರದು, ಅದ ಕೆಲಸ.”

ದಾನಮ್ಮ ಅವನನ್ನೂ ನಾಯಿಯನ್ನೂ ನೋಡಿದಳು. “ಹಂಗಾರ ಚಾ ಕುಡೀರಿ,” ಎಂದು ನಕ್ಕಳು.

ಮಠದ ಸನ್ಯಾಸಿ ನಾಯಿಯಂಗಡಿಗೆ ಬಂದು ಚಾ ಕುಡಿದು ಹೋಗುತ್ತಾನೆ ಎಂದು ಪೇಟೆಯಲ್ಲಿ ತಮಾಷೆ ಹಬ್ಬಿತು. ಮುರಿಗೆಪ್ಪ ಕೇಳಿಸಿಕೊಂಡ, ಹೋಗುವುದನ್ನು ಬಿಡಲಿಲ್ಲ. ಹುಣ್ಣಿಗೆ ದಿನವೂ ಮುಲಾಮು ಹಚ್ಚುತ್ತಿದ್ದವರು ಅಜ್ಜಾರು, ಹಚ್ಚುವಾಗ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಬತ್ತಾಸು ಮೆಟ್ಟಿಲು ಹತ್ತಿತು. ಮೇಜಿನ ಮೇಲೆ ಕೂತಿತು. ಒಳಕೋಣೆಯಲ್ಲಿ ಮಷಿನ್ನು ಗುಂಯ್‌ಗುಟ್ಟಿದರೆ ಕಿವಿ ನಿಮಿರಿಸಿ, ಶೇಂಗಾ ತಿಂದು, ಮಠಕ್ಕೆ ಬರುತ್ತಿತ್ತು.

ಒಂದು ಮುಂಜಾನೆ ಅದು ಮೇಜಿನ ಮೇಲೆ ಕಣ್ಣು ಮುಚ್ಚಿ ಮಲಗಿಯೇಬಿಟ್ಟಿತು.

ಮುರಿಗೆಪ್ಪನಿಗೆ ಆಸೆ ಹುಟ್ಟಿತು. “ಅಕ್ಕಾರ,” ಎಂದು ಪಿಸುಗುಟ್ಟಿದ, “ನಿದ್ದಿ ಹತ್ತೇತಿ. ಒಂದ ಗಂಟು ತಗದ ಬಿಡ್ರಿ.”

ದಾನಮ್ಮ ಕತ್ತರಿ ಎತ್ತಿಕೊಂಡಳು.

“ಬ್ಯಾಡ್ರಿ!” ಎಂದು ಅವನೇ ಅವಳ ಕೈಗೆ ಅಡ್ಡ ಬಂದ. “ಬರುವಾಗ ಏನೂ ಆಗಂಗಿಲ್ಲ ಅಂದು ಬಂದೀನ್ರಿ.”

“ಅದಕ್ಕೇನ ತಿಳೀತೈತ್ರಿ? ಮಲಗೇತಿ.”

“ಎದ್ದ ಮ್ಯಾಲೆ ತಿಳೀತೈತಿ.”

ಸಂಜೆ ಅವನು ಅಜ್ಜಾರ ಮುಂದೆ ಕೂತ.

“ಅಜ್ಜಾರ, ಮಾತು ಖರೆ ಆತ್ರಿ. ಆದ್ರ ಗಂಟು ಹಂಗ ಉಳಕೊಂಡಾವ್ರಿ. ಕತ್ತರಸೂ ದಿನ ಏನನ್ಲಿ? ಏನೂ ಆಗಂಗಿಲ್ಲ ಅಂದ್ರ ಮತ್ತ ಸುಳ್ಳಾತು.”

“ಆವತ್ತು ಆಗೂದನ್ನ ಹೇಳು.”

“ನಾಯಿಗೇನ್ರಿ?”

“ಮತ್ತ ಯಾರಿಗೆ, ನನಗೇನು?”

ಮರುದಿನ ಮೇಜಿನ ಮುಂದೆ ಮುರಿಗೆಪ್ಪ ಮೊಣಕಾಲೂರಿ, ತನ್ನ ಮುಖವನ್ನು ನಾಯಿಯ ಮುಖದ ಸಮಕ್ಕೆ ತಂದ. ಎದೆ ಹೊಡೆದುಕೊಳ್ಳುತ್ತಿದ್ದುದು ಹೆಚ್ಚಾಗಿ ಅವನದೇ.

“ಬತ್ತಾಸು, ಇವತ್ತು ಆಗತೈತಿ. ಗುಂಯ್ ಅಂತೈತಿ. ಸ್ವಲ್ಪ ಜಗ್ಗತೈತಿ. ನಾ ಇಲ್ಲೇ ಇರ್ತೀನಿ.”

ಅದಕ್ಕೆ ಎಷ್ಟು ತಿಳಿಯಿತೋ ಶಿವನೇ ಬಲ್ಲ. ಹೊಸ ಮಾತು ಎಂಬುದಂತೂ ತಿಳಿಯಿತು. ಮಷಿನ್ನು ಗುಂಯ್ ಎಂದಾಗ ನಡುಗಿತು, ಮೂತಿಯನ್ನು ಅವನ ಬೊಗಸೆಯಲ್ಲಿಟ್ಟು ಅಲ್ಲೇ ಕೂತಿತು.

ಒಂದು ಗಂಟು ಉದುರಿತು. “ಇವತ್ತಿಗೆ ಸಾಕ್ರಿ,” ಎಂದ ಮುರಿಗೆಪ್ಪ. ಮರುದಿನ ಇನ್ನಷ್ಟು ಉದುರಿದವು. ವಾರ ಕಳೆಯುವುದರೊಳಗೆ ಒಳಗಿನಿಂದ ಬೇರೆಯೇ ಒಂದು ನಾಯಿ ಹೊರಬಂತು. ಅಂಗೈಯಗಲ ಮುಖ, ದೊಡ್ಡ ಕಿವಿ, ಕರಿದ್ರಾಕ್ಷಿಯಂಥ ಎರಡು ಕಣ್ಣು. ಗಾಳಿ ಬಿದ್ದ ಮೇಲೆ ಹುಣ್ಣು ಒಣಗಿದವು. ದಾನಮ್ಮ ಅದಕ್ಕೆ ದೃಷ್ಟಿ ತೆಗೆದಳು.

ಮಠಕ್ಕೆ ಸಂತೋಷವೋ ಸಂತೋಷ. ಕೂದಲು ಮತ್ತೆ ಬೆಳೆದು, ಮುಂದಿನ ಸಲದ ಕ್ಷೌರ ಮುಗಿಸಿಕೊಂಡು ಬಂದ ದಿನ ಮುರಿಗೆಪ್ಪನೊಬ್ಬ ಮಾತ್ರ ಮುಖ ಇಳಿಸಿಕೊಂಡು ಕೂತ.

“ಏನಾತೋ?” ಎಂದರು ಅಜ್ಜಾರು.

“ಇಷ್ಟೆಲ್ಲಾ ಮಾಡಿದ್ರೂ ಅದರ ಅಂಜಿಕಿ ಹೋಗಲಿಲ್ರಿ ಅಜ್ಜಾರ. ಇವತ್ತೂ ಮಷಿನ್ನಿನ ಸಪ್ಪಳ ಕೇಳಿದ ಕೂಡಲೆ ನಡುಗಾಕ ಹತ್ತಿತ್ರಿ.”

“ನಡುಗಿ ಎಲ್ಲಿ ಓಡಿತು?”

“ಎಲ್ಲಿ ಓಡತೈತ್ರಿ? ನನ್ನ ತೊಡಿ ಮ್ಯಾಲೆ ಹತ್ತಿ, ನನ್ನ ಹೆಗಲ ಮ್ಯಾಲಿನ ಶಲ್ಲೆದಾಗ ಮಾರಿ ಮುಚ್ಚಿಕೊಂಡು ಕುಂತಿತ್ರಿ.”

ಅಜ್ಜಾರು ನಕ್ಕುಬಿಟ್ಟರು.

“ಮತ್ತಿನ್ನೇನ್ ಬೇಕಲೇ ನಿನಗ?”